ಕರೆಂಟ್ ಕೊಡುವ ಮೊದಲು ಲೈನ್ ತುಂಡು ಮಾಡಿದೆವು

2018ರ ಆಗಸ್ಟ್ ಮಧ್ಯದಲ್ಲಿ ಮಡಿಕೇರಿ ಸುತ್ತಲ ಗುಡ್ಡಗಳು ಕುಸಿದಾಗ ನಾನು ಲೈನ್ ಕೆಲಸ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದೆ. ನಮ್ಮ ವಿದ್ಯುತ್ ಮಂಡಳಿ (ಕೆಇಬಿ) ಕಾಗದದ ಮೇಲೆ ಕಂಪನಿ ಅಂತ ಆಗಿ ಎಷ್ಟೋ ವರ್ಷವಾಯಿತು. ಜನರ ಬಾಯಲ್ಲಿ ನಾವು ಇವತ್ತಿಗೂ ಕೆಇಬಿಯವರೇ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಎರಡನೇ ಮೊಣ್ಣಂಗೇರಿ, ಜೋಡುಪಾಲ: ಈ ಹೆಸರುಗಳೆಲ್ಲ ಆ ವಾರ ಟಿವಿಯಲ್ಲಿ ಬಂದವು. ಇದಕ್ಕೆ ತಿಂಗಳ ಮುಂಚೆ ನೆಲ ಸಣ್ಣಗೆ ಅದುರಿತ್ತು ಎಂದು ಊರವರು ಹೇಳುತ್ತಿದ್ದರು. ಆ ಮಾತಿಗೆ ಆಮೇಲೆ ಬರುತ್ತೇನೆ.

ಕೊಡಗಿನ ಲೈನ್ ಹೇಗಿರುತ್ತದೆ ಎಂದು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಬಯಲುಸೀಮೆಯಲ್ಲಿ ಮನೆಗಳು ಗುಂಪಾಗಿರುತ್ತವೆ. ಊರ ಮುಂದೆ ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಕೂರಿಸಿದರೆ ಓಣಿ ಓಣಿಗೂ ಕರೆಂಟ್. ಇಲ್ಲಿ ಒಂದೊಂದು ಮನೆ ಒಂದೊಂದು ತೋಟದ ಒಳಗೆ. 25 ಕೆವಿಎ ಟಿಸಿಯಿಂದ ನಾಲ್ಕಾರು ಮನೆಗೆ ಕೊಡಲು 11 ಕೆವಿ (11,000 ವೋಲ್ಟ್) ಲೈನ್ ಗುಡ್ಡ ಹತ್ತಿ, ಗದ್ದೆ ದಾಟಿ, ಸಿಲ್ವರ್ ಓಕ್ ಮರಗಳ ನಡುವೆ ಹೋಗುತ್ತದೆ. ಸಾಮಾನ್ಯ ಮಳೆಗಾಲದಲ್ಲೇ ದಿನಾ ಮರ ಬೀಳುತ್ತದೆ. ಅದಕ್ಕೆ ನಮ್ಮ ಹುಡುಗರು ಒಗ್ಗಿಹೋಗಿದ್ದಾರೆ.

ಗುಡ್ಡ ಜಾರುವುದು ಬೇರೆ ಲೆಕ್ಕ. ಮರ ಬಿದ್ದರೆ ಒಂದೆರಡು ಸ್ಪ್ಯಾನ್ (ಕಂಬದಿಂದ ಕಂಬದವರೆಗಿನ) ತಂತಿ ಹೋಗುತ್ತದೆ. ನೆಲವೇ ಜಾರಿದರೆ ಕಂಬ ನಿಂತ ಹಾಗೆಯೇ ಮಣ್ಣಿನ ಜೊತೆ ಕೆಳಗೆ ಹೋಗುತ್ತದೆ. ಹೋಗುತ್ತಾ ತಂತಿ ಎಳೆಯುತ್ತದೆ. ಆ ಎಳೆತಕ್ಕೆ ಗಟ್ಟಿ ನೆಲದಲ್ಲಿದ್ದ ಕಂಬಗಳೂ ಬುಡದಲ್ಲಿ ಬಿರುಕು ಬಿಡುತ್ತವೆ. ದೂರದಿಂದ ನೋಡಿದರೆ ಲೈನ್ ಚೆನ್ನಾಗೇ ಇದೆ ಅನಿಸುತ್ತದೆ. ಹತ್ತಿರ ಹೋಗಿ ಬುಡ ನೋಡದೆ ಏಣಿ ಇಡುವ ಹಾಗಿಲ್ಲ.

ಹಾಗಾಗಿ ನಾವು ಮೊದಲು ಮಾಡಿದ್ದು ಲೈನನ್ನು ತುಂಡು ಮಾಡುವ ಕೆಲಸ. ಫೀಡರ್ (ಸಬ್‌ಸ್ಟೇಷನ್‌ನಿಂದ ಹೊರಡುವ ಮುಖ್ಯ ಲೈನ್) ಉದ್ದಕ್ಕೂ ಇರುವ, ಲೈನ್ ಬೇರ್ಪಡಿಸುವ ಸ್ವಿಚ್‌ಗಳಾದ ಜಿಓಎಸ್‌ಗಳನ್ನು ತೆರೆದೆವು. ಜಿಓಎಸ್ ಇಲ್ಲದ ಕಡೆ ಜಂಪ್ (ಲೈನಿನ ಎರಡು ತುಂಡು ಜೋಡಿಸುವ ತಂತಿ) ಬಿಚ್ಚಿದೆವು. ಟಿಸಿಗಳ ಫ್ಯೂಸ್ ತೆಗೆದು ಕೆಳಗಿಟ್ಟೆವು. ಆಮೇಲೆ ಸ್ಟೇಷನ್ ಕಡೆಯಿಂದ ಒಂದೊಂದೇ ತುಂಡು ನಡೆದು ನೋಡಿ, ಸರಿಯಿದ್ದಷ್ಟಕ್ಕೆ ಚಾರ್ಜ್ ಕೊಟ್ಟೆವು, ಅಂದರೆ ಕರೆಂಟ್ ಹರಿಸಿದೆವು. ಇದು ನಿಧಾನದ ದಾರಿ, ಹೌದು. ಆದರೆ ಸ್ಟೇಷನ್‌ನ ಬ್ರೇಕರ್ (ದೊಡ್ಡ ಸ್ವಿಚ್) ಹಾಕಿ ‘ನಿಲ್ಲುತ್ತಾ ನೋಡೋಣ’ ಅನ್ನುವ ಅಭ್ಯಾಸ ಇಂಥ ಹೊತ್ತಿನಲ್ಲಿ ಕೊಲೆಗೆ ಸಮ. ಕೆಸರಿನಲ್ಲಿ ಬಿದ್ದ ತಂತಿಯ ಪಕ್ಕ ರಕ್ಷಣೆಗೆ ಬಂದವರು ಓಡಾಡುತ್ತಿರುತ್ತಾರೆ. ತಂತಿ ಕಡಿದು ನೆಲಕ್ಕೆ ಬಿದ್ದರೂ ಎಲ್ಲ ಸಲವೂ ಬ್ರೇಕರ್ ಟ್ರಿಪ್ ಆಗುವುದಿಲ್ಲ. ಒಣ ತರಗೆಲೆ, ಕಲ್ಲಿನ ಮೇಲೆ ಬಿದ್ದರೆ ಹರಿಯುವ ಕರೆಂಟ್ ತೀರ ಕಡಿಮೆ. ದೋಷ ಹಿಡಿದು ಬ್ರೇಕರ್ ಬೀಳಿಸಬೇಕಾದ ರಿಲೇ ಅದನ್ನು ಸಣ್ಣ ಲೋಡ್ ಅಂದುಕೊಂಡು ಸುಮ್ನೆ ಇರುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ ಇದ್ದದ್ದು ಜನರೇಟರ್‌ಗಳ ಬಗ್ಗೆ. ಇಲ್ಲಿ ಸ್ವಲ್ಪ ಅನುಕೂಲ ಇರುವ ತೋಟದ ಮನೆಯಲ್ಲೆಲ್ಲ ಒಂದು ಜನರೇಟರ್ ಇದ್ದೇ ಇರುತ್ತದೆ. ಕೆಲವರು ಚೇಂಜ್‌ಓವರ್ ಸ್ವಿಚ್ (ಲೈನ್ ಇಲ್ಲವೇ ಜನರೇಟರ್, ಒಂದನ್ನೇ ಮನೆಗೆ ಕೊಡುವ ಸ್ವಿಚ್) ಹಾಕಿಸಿರುವುದಿಲ್ಲ. ಎರಡೂ ಕಡೆ ಪ್ಲಗ್ ಇರುವ ವೈರನ್ನು ಸಾಕೆಟ್‌ಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಟ್ಟುಕೊಳ್ಳುತ್ತಾರೆ. ಮೇಯ್ನ್ ಆಫ್ ಮಾಡಲು ಮರೆತರೆ ಆ 230 ವೋಲ್ಟ್ ಮನೆಗಳಿಗೆ ಬರುವ ಎಲ್‌ಟಿ ಲೈನ್‌ಗೆ ಹೊರಟು, ಟಿಸಿಯೊಳಗೆ ಹಿಂದುಮುಂದಾಗಿ ನುಗ್ಗಿ, ಆ ಕಡೆ 11,000 ವೋಲ್ಟ್ ಆಗುತ್ತದೆ. ಸ್ಟೇಷನ್‌ನಲ್ಲಿ ಎಲ್‌ಸಿ (ಲೈನ್ ಬಂದ್ ಮಾಡಿಸಿ ಕೆಲಸ ಮಾಡುವ ಅನುಮತಿ) ತೆಗೆದುಕೊಂಡಿರುತ್ತೇವೆ, ಬ್ರೇಕರ್ ಹೊರಗೆ ಎಳೆದಿರುತ್ತಾರೆ, ಆದರೂ ಕಂಬದ ಮೇಲಿದ್ದವನಿಗೆ ಸಾವು.

ಒಂದು ಮನೆಯಲ್ಲಿ ಹಿರಿಯರೊಬ್ಬರು, ‘ನಾನು ಬೆಳಗ್ಗೆಯೇ ಮೇಯ್ನ್ ಆಫ್ ಮಾಡಿದ್ದೇನಪ್ಪಾ, ನೀವು ಕೆಲಸ ಮಾಡಿ’ ಎಂದರು. ‘ಆಗಲಿ ಅಜ್ಜ, ಜನರೇಟರ್ ವೈರ್ ಎಲ್ಲಿಗೆ ಕೊಟ್ಟಿದ್ದೀರಿ, ಒಂದ್ಸಲ ತೋರಿಸಿ’ ಎಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ತೋರಿಸಿದರು. ಸರಿಯಾಗೇ ಇತ್ತು. ಕಾಫಿನೂ ಕೊಟ್ಟರು. ಆದರೂ ಕೆಲಸದ ಜಾಗದ ಎರಡೂ ಕಡೆ ಡಿಸ್ಚಾರ್ಜ್ ರಾಡ್ ಹಾಕಿ, ಮೂರೂ ತಂತಿ ಸೇರಿಸಿ ಅರ್ಥ್ ಮಾಡದೆ ನಾನು ಯಾರನ್ನೂ ಮೇಲೆ ಹತ್ತಿಸಲಿಲ್ಲ. ಒಂದೇ ಕಡೆ ಸಾಕು ಅನ್ನುವವರು ಈಗಲೂ ಇದ್ದಾರೆ. ಅವರ ಜೊತೆ ವಾದ ಮಾಡಿ ನನಗೆ ಸುಸ್ತಾಗಿದೆ.

ಯಾರಿಗೆ ಮೊದಲು ಕೊಡುವುದು? ಆಸ್ಪತ್ರೆ, ಕುಡಿಯುವ ನೀರು, ಪರಿಹಾರ ಕೇಂದ್ರ, ಮೊಬೈಲ್ ಟವರ್. ಮಡಿಕೇರಿಗೆ ಕೂಟುಹೊಳೆಯಿಂದ ನೀರು ಬರುತ್ತದೆ. ಪಂಪ್ ನಿಂತರೆ ಬೆಟ್ಟದ ಮೇಲಿನ ಊರಿಗೆ ನೀರಿಲ್ಲ, ಸುತ್ತ ಎಷ್ಟು ಮಳೆ ಸುರಿದರೂ. ಟವರ್‌ಗಳನ್ನು ಮೊದಮೊದಲು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ರಸ್ತೆ ಹೋದ ಕಡೆ ಅವಕ್ಕೆ ಡೀಸೆಲ್ ತಲುಪುವುದಿಲ್ಲ, ಬ್ಯಾಟರಿ ಎಷ್ಟು ಹೊತ್ತು ಬಂದೀತು? ಟವರ್ ಸತ್ತರೆ ನಮ್ಮ ಗ್ಯಾಂಗ್‌ಗೂ ಸ್ಟೇಷನ್‌ಗೂ ಮಾತೇ ಇಲ್ಲ. ಮಾತಿಲ್ಲದೆ ಲೈನ್ ಚಾರ್ಜ್ ಮಾಡುವಂತಿಲ್ಲ. ಆದ್ದರಿಂದ ಟವರ್ ಇದ್ದ ಸ್ಪರ್ (ಕವಲು) ಲೈನ್‌ಗಳನ್ನು ಮನೆಗಳಿಗಿಂತ ಮುಂಚೆ ಎತ್ತಿಕೊಂಡೆವು. ‘ಮನುಷ್ಯರಿಗಿಂತ ಟವರ್ ದೊಡ್ಡದಾ?’ ಎಂದು ಬೈಸಿಕೊಂಡದ್ದೂ ಉಂಟು.

ಕಂಬ ಸಾಗಿಸುವುದು ದೊಡ್ಡ ಪಾಡು. ಸಿಮೆಂಟ್ ಕಂಬಕ್ಕೆ ಲಾರಿ ಬೇಕು, ಲಾರಿಗೆ ರಸ್ತೆ ಬೇಕು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೇ ಮದೆನಾಡು, ಜೋಡುಪಾಲದ ಕಡೆ ಕಡಿದುಹೋಗಿತ್ತು. ಒಳಗಿನ ದಾರಿ ಕೇಳುವುದೇ ಬೇಡ. ಹಗ್ಗ ಕಟ್ಟಿ, ಹೆಗಲು ಕೊಟ್ಟು, ಜಾರುವ ಮಣ್ಣಿನಲ್ಲಿ ಹೊತ್ತದ್ದೇ. ತೋಟದ ಲೈನ್ ಮನೆಗಳ (ಕಾರ್ಮಿಕರ ಸಾಲುಮನೆ) ಕಾರ್ಮಿಕರು ಬಂದು ಕೈ ಹಾಕದಿದ್ದರೆ ಆಗುತ್ತಿರಲಿಲ್ಲ. ಬೇರೆ ಜಿಲ್ಲೆಗಳಿಂದ ಬಂದ ಲೈನ್‌ಮ್ಯಾನ್‌ಗಳು ಕೆಲಸದಲ್ಲಿ ಗಟ್ಟಿಗರು, ಜಿಗಣೆ ನೋಡಿ ಮಾತ್ರ ಹೌಹಾರಿದರು.

ಗುಂಡಿಯ ವಿಚಾರ. ಕಂಬದ ಉದ್ದದ ಆರರಲ್ಲೊಂದು ಪಾಲು ನೆಲದೊಳಗೆ ಇರಬೇಕು ಅನ್ನುವುದು ರೂಢಿಯ ಲೆಕ್ಕ. ನೀರು ಕುಡಿದು ಗಂಜಿಯಾದ ಮಣ್ಣಿಗೆ ಆ ಲೆಕ್ಕ ಸಾಲದು. ಇನ್ನೂ ಆಳ ತೆಗೆದು, ಬುಡಕ್ಕೆ ಕಲ್ಲು ತುಂಬಿ, ಆಗುವಲ್ಲಿ ಕಾಂಕ್ರೀಟ್ ಹಾಕಿ, ಇಳಿಜಾರಿನ ಮೇಲುಗಡೆಗೆ ಸ್ಟೇ (ಕಂಬ ಎಳೆದು ಹಿಡಿಯುವ ತಂತಿ) ಕೊಟ್ಟೆವು. ಬಿರುಕು ಬಿಟ್ಟ ಇಳಿಜಾರಿನಲ್ಲಿ ಕಂಬ ನಿಲ್ಲಿಸಲೇ ಇಲ್ಲ. ಹಳೇ ಜಾಗ ಬಿಟ್ಟು ರಸ್ತೆ ಪಕ್ಕಕ್ಕೆ ಲೈನ್ ತಂದೆವು. ತಂತಿ ಉದ್ದವಾಯಿತು, ಮರ ಕಡಿಯಲು ತೋಟದವರನ್ನು ಒಪ್ಪಿಸಬೇಕಾಯಿತು, ಎಸ್ಟಿಮೇಟ್ ನೋಡಿದ ಮೇಲಿನವರು ಹುಬ್ಬೇರಿಸಿದರು. ಮುಂದಿನ ಮಳೆಗಾಲದಲ್ಲಿ ಜೀಪಿನಲ್ಲಿ ಕೂತೇ ಲೈನ್ ನೋಡಿಕೊಂಡು ಬರುವಂತಾಯಿತು.

ಕುಶಾಲನಗರದ ಕಥೆ ಬೇರೆ. ಅಲ್ಲಿ ಕಾವೇರಿ ನೀರು ಬಡಾವಣೆಗಳಿಗೆ ನುಗ್ಗಿತ್ತು. ನೀರು ಇಳಿದ ಮೇಲೆ ಮನೆಮನೆಯ ಮೀಟರ್ ಬೋರ್ಡ್ ತೆರೆದು, ಕೆಸರು ತೊಳೆದು, ಒಣಗಿಸಿ, ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಸಾಧನ) ಹಾಕಿ ನೋಡಿದ ಮೇಲೆಯೇ ಫ್ಯೂಸ್. ಬೇಜಾರಿನ ಕೆಲಸ, ಆದರೆ ಗೊತ್ತಿರುವ ಕೆಲಸ.

ಕೆಲವು ಕಡೆ ನಾವು ಲೈನ್ ಎಳೆಯಲೇ ಇಲ್ಲ. ಮನೆಗಳೇ ಇಲ್ಲದ ಮೇಲೆ ಯಾರಿಗೆ? ಜಂಬೂರು, ಮದೆನಾಡು, ಕರ್ಣಂಗೇರಿಯಲ್ಲಿ ಸಂತ್ರಸ್ತರಿಗೆ ಹೊಸ ಮನೆಗಳಾದವು. ಬೆಟ್ಟದಲ್ಲಿ ಚದುರಿದ್ದವರು ಸಾಲು ಮನೆಗೆ ಬಂದರು. ಹಳೇ ನಕ್ಷೆ ಹಿಡಿದು ಕಂಬ ಎಣಿಸಿ ಸಾಮಾನು ಕೇಳುವುದು ತಪ್ಪು, ಜನ ಎಲ್ಲಿ ನೆಲೆಸುತ್ತಾರೆ ಅನ್ನುವುದನ್ನು ಮೊದಲು ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನೆಲ ಅದುರುವ ಮಾತು. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ಮತ್ತೆ ಮತ್ತೆ ಕಂಪಿಸಿತು. ದೊಡ್ಡದು ಅಂದರೆ 3ರ ಆಸುಪಾಸು. ನಮ್ಮ ಲೈನ್‌ಗೆ ಏನೂ ಆಗಲಿಲ್ಲ. ಆದರೆ ಆಗ ನಾವು ಕೂತು ಯೋಚಿಸಿದೆವು. ಭೂಕುಸಿತದಲ್ಲಿ ಹೋಗುವುದು ಲೈನ್, ಸ್ಟೇಷನ್ ಉಳಿದಿರುತ್ತದೆ. 2001ರ ಜನವರಿ 26ರಂದು ಭುಜ್‌ನಲ್ಲಿ ಆದಂಥ ದೊಡ್ಡ ಭೂಕಂಪದಲ್ಲಿ ಪೆಟ್ಟು ಮೊದಲು ಸ್ಟೇಷನ್‌ಗೇ. ಹಳಿಯ ಮೇಲೆ ಸುಮ್ನೆ ಕೂರಿಸಿದ ಟ್ರಾನ್ಸ್‌ಫಾರ್ಮರ್ ಜಾರುತ್ತದೆ. ಪಿಂಗಾಣಿ ಬುಷಿಂಗ್ (ತಂತಿ ಟ್ರಾನ್ಸ್‌ಫಾರ್ಮರ್ ಒಳಗೆ ಹೋಗುವ ಕೊಳವೆ) ಒಡೆಯುತ್ತದೆ. ಅಲುಗಾಟಕ್ಕೇ, ಟ್ರಾನ್ಸ್‌ಫಾರ್ಮರ್ ಒಳಗಿನ ದೋಷ ಹಿಡಿಯುವ ಬುಕೋಲ್ಜ್ ರಿಲೇ ಕೆಲಸ ಮಾಡಿ, ಏನೂ ಆಗದ ಟ್ರಾನ್ಸ್‌ಫಾರ್ಮರ್ ಕೂಡ ಟ್ರಿಪ್ ಆಗಬಹುದು. ಎಲ್ಲಕ್ಕಿಂತ ಕೆಟ್ಟದ್ದು ಬ್ಯಾಟರಿ ಸ್ಟ್ಯಾಂಡ್ ಮಗುಚುವುದು. ಆ ಬ್ಯಾಟರಿಯ ಡಿಸಿ ಕರೆಂಟ್ ಹೋದರೆ ರಿಲೇ, ಬ್ರೇಕರ್ ಎಲ್ಲ ಇದ್ದೂ ಇಲ್ಲದ ಹಾಗೆ. ಅಂಥ ಹೊತ್ತಿನಲ್ಲಿ ಎಣ್ಣೆ ಸೋರಿದೆಯಾ, ಬುಷಿಂಗ್ ಸೀಳಿದೆಯಾ ನೋಡಿ, ಮೆಗ್ಗರ್ ಮಾಡಿ, ಡಿಸಿ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಚಾರ್ಜ್. ಹಿಂದೆಯೇ ಮರುಕಂಪನ ಬರುತ್ತದೆ, ಮತ್ತೆ ಎಲ್ಲ ಮೊದಲಿಂದ ನೋಡಬೇಕು.

ನಾನು ಓಡಾಡುವ ಸ್ಟೇಷನ್‌ನಲ್ಲಿ ಬ್ಯಾಟರಿ ಸ್ಟ್ಯಾಂಡನ್ನು ಗೋಡೆಗೂ ನೆಲಕ್ಕೂ ಬೋಲ್ಟ್ ಹಾಕಿ ಬಿಗಿಸಿದ್ದೇವೆ. ಸ್ಥಳೀಯ ವೆಲ್ಡರ್ ಒಂದೇ ದಿನದಲ್ಲಿ ಮುಗಿಸಿಕೊಟ್ಟರು. ಟ್ರಾನ್ಸ್‌ಫಾರ್ಮರ್ ಚಕ್ರಗಳಿಗೂ ತಡೆ ಬಿದ್ದಿದೆ. ಹೆಚ್ಚುವರಿ ಬುಷಿಂಗ್‌ಗೆ ಇಂಡೆಂಟ್ ಹಾಕಿದ್ದೇವೆ, ಅದು ಇನ್ನೂ ಬಂದಿಲ್ಲ.