ಎರಡು ಏಣಿ, ಮೂವತ್ತು ರೂಪಾಯಿಯ ಟೇಪು: ನನ್ನ ಅನುಭವ

"ಡಾಕ್ಟ್ರೇ, ಮರಕ್ಕೆ ಎರಡೆರಡು ಏಣಿ ಕಾಣ್ತದೆ."

ಪೊನ್ನಂಪೇಟೆ ಕಡೆಯ ತೋಟದಲ್ಲಿ ಕರಿಮೆಣಸು ಕುಯ್ಯುವವರು, ಅರವತ್ತು ದಾಟಿದ್ದಾರೆ. ಎಡಹಣೆಗೆ ಸರ್ಪಸುತ್ತು ಎದ್ದು ಮೂರು ದಿನ ಕೆಮ್ಮಣ್ಣು ಬಳಿಸಿಕೊಂಡು, ನಾಲ್ಕನೆಯ ದಿನ ನನ್ನಲ್ಲಿಗೆ ಬಂದಿದ್ದರು. ಮೂಗಿನ ತುದಿಯಲ್ಲೂ ಗುಳ್ಳೆ, ಅಂದರೆ ಕಣ್ಣಿಗೂ ತಗಲುವ ಸೂಚನೆ. ವೈರಸ್ ಮದ್ದು ಶುರುಮಾಡಲು ಹೇಳುವ 72 ಗಂಟೆ ದಾಟಿತ್ತು, ನಿಜ. ಆದರೆ ಕಣ್ಣಿನದಾದರೆ ನಾನು ಗಡಿಯಾರ ನೋಡುವುದಿಲ್ಲ. ಅಸೈಕ್ಲೋವಿರ್ 800 ಮಿ.ಗ್ರಾಂ ಮಾತ್ರೆ, ದಿನಕ್ಕೆ ಐದು, ಏಳು ದಿನ. ಸಾವಿರದ ಆಸುಪಾಸು ಆಯಿತು. ಅದೇ ಜಾತಿಯ ವ್ಯಾಲಸೈಕ್ಲೋವಿರ್ ಬರೆಯೋಣವೆಂದರೆ ಅದರ ದುಪ್ಪಟ್ಟು.

ಹೊಪ್ಪಳೆ ಉದುರಿದ ಮೇಲೆ ಈ ಎರಡು ಏಣಿ. ಟಾರ್ಚ್ ಹಿಡಿದರೆ ಎಡಗಣ್ಣು ಹೊರಗಡೆಗೆ ಹೋಗುತ್ತಲೇ ಇಲ್ಲ: ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೇ ನರ ಸೋತಿತ್ತು. ಮೈಸೂರಿಗೆ ಕಳಿಸಿ ಎಂಆರ್‌ಐ ಮಾಡಿಸಿದೆ. ಕಾರು ಬಾಡಿಗೆ ಸೇರಿ ಹನ್ನೆರಡು ಸಾವಿರ ಹೋಯಿತು, ತಲೆಯಲ್ಲಿ ಬೇರೇನೂ ಸಿಗಲಿಲ್ಲ. ಬಲಗೈ ಸೋತರೆ, ಮಾತು ತೊದಲಿದರೆ ನಡುರಾತ್ರಿಯಾದರೂ ಫೋನ್ ಮಾಡು ಎಂದು ಮಗನಿಗೆ ಹೇಳಿಟ್ಟೆ. ಸರ್ಪಸುತ್ತಿನ ವೈರಸ್ ಮಿದುಳಿನ ರಕ್ತನಾಳಕ್ಕೆ ಇಳಿದರೆ ವಾರಗಳ ಮೇಲೂ ಲಕ್ವ ಹೊಡೆಯಬಹುದು.

ಮೊದಲು ಗಾಜ್ ಇಟ್ಟು ಕಣ್ಣು ಮುಚ್ಚಿದೆ. ಬೆವರಿಗೆ ಎರಡೇ ದಿನದಲ್ಲಿ ಕಿತ್ತೆಸೆದರು. ನೋವಿಗೆ ಗ್ಯಾಬಾಪೆಂಟಿನ್ 300ರಿಂದಲೇ ಶುರುಮಾಡಿದ್ದು ನನ್ನ ತಪ್ಪು, ತಲೆಸುತ್ತಿ ಚರಂಡಿಗೆ ಬಿದ್ದರು. 100ಕ್ಕೆ ಇಳಿಸಿ ಮೆಲ್ಲಗೆ ಏರಿಸಿದೆ.

ಆಮೇಲೆ ಹೊಳೆದದ್ದು ಸ್ಟೇಷನರಿ ಅಂಗಡಿಯ ಮಬ್ಬು ಟೇಪು. ಎಡಕ್ಕೆ ನೋಡಿದಾಗ ಎರಡೆರಡು ಕಾಣದಿರಲಿ ಎಂದು ಕನ್ನಡಕದ ಎಡಗಾಜಿನ ಹೊರ ಅಂಚಿಗೆ ಮಾತ್ರ. ಪೂರ್ತಿ ಗಾಜಿಗಲ್ಲ. ಅಗಲ ಎಷ್ಟು, ಎಲ್ಲಿಂದ ಕತ್ತರಿಸಬೇಕು ಎಂಬುದು ಎದುರು ಸಿಕ್ಕವರಿಗೆ ಮಾತ್ರ! ಪರಿಚಯದ ಡಾಕ್ಟರೊಬ್ಬರು ನಕ್ಕರು: "ಟೇಪು ಅಂಟಿಸಿದರೆ ನರ ವಾಸಿಯಾಗ್ತದಾ?" ಆಗುವುದಿಲ್ಲ. ನರ ತಾನೇ ಚೇತರಿಸಿಕೊಳ್ಳುತ್ತದೆ, ಹೆಚ್ಚಿನವರಿಗೆ ತಿಂಗಳುಗಟ್ಟಲೆ ಬೇಕು. ಅಷ್ಟರವರೆಗೆ ಮನುಷ್ಯ ನೆಟ್ಟಗೆ ನಡೆಯಬೇಕಲ್ಲ. ಏಣಿ ಬಿಡಿಸಿ ಕಣದಲ್ಲಿ ಮೆಣಸು ಆರಿಸಲು ಕೂರಿಸಿದೆ. ಕೂಲಿ ಕಡಿಮೆಯಾಯಿತೆಂದು ನನ್ನ ಮೇಲೇ ಸಿಟ್ಟು.

ಪ್ರತಿ ಭೇಟಿಯಲ್ಲೂ ಹತ್ತಿಯ ಎಳೆ ಹೊಸೆದು ಕಪ್ಪುಗುಡ್ಡೆಗೆ ಮುಟ್ಟಿಸುತ್ತೇನೆ. ಹಿಂದೆ ಒಬ್ಬ ಹೆಂಗಸು ನೋವಿಲ್ಲ ಎಂದದ್ದನ್ನು ವಾಸಿಯಾಯಿತೆಂದು ನಂಬಿ ಕಳಿಸಿಬಿಟ್ಟಿದ್ದೆ. ಸ್ಪರ್ಶವೇ ಸತ್ತಿತ್ತು. ಹುಣ್ಣಾಗಿ ಬಿಳಿ ಕಲೆ ಉಳಿಯಿತು. ಇವರ ಕಣ್ಣೂ ಅರ್ಧ ಮರಗಟ್ಟಿದೆ, ಅದಕ್ಕೇ ಡ್ರಾಪ್ಸ್ ನಿಲ್ಲಿಸಿಲ್ಲ.

ಇನ್ನೊಂದು ಹುಚ್ಚು ಪ್ರಯೋಗ: ಅದೇ ಹತ್ತಿಯಿಂದ ಹಣೆ ಸವರಿ, ಉರಿಯುವ ಜಾಗದ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು ತಿಂಗಳಿಗೊಂದು ಫೋಟೋ.

ಐದನೇ ತಿಂಗಳಿಗೆ ಎಡಗಣ್ಣು ಅಂಚಿನವರೆಗೆ ಓಡಿತು. ಟೇಪನ್ನು ತಾವೇ ಕಿತ್ತು ನನ್ನ ಮೇಜಿನ ಕಾಲಿಗೆ ಅಂಟಿಸಿ ಹೋದರು. ಹಣೆಗೆ ಟೊಪ್ಪಿ ತಾಗಿದರೆ ಇನ್ನೂ ಉರಿ. ಗೆರೆಯ ನಕ್ಷೆ ಮಾತ್ರ ಅಂಗೈ ಅಗಲದಿಂದ ಎಂಟಾಣೆಯ ಅಗಲಕ್ಕೆ ಬಂದಿದೆ.