ಅಕ್ಕೋರು ಬೈತ್ರು ಅಂತ ಬರ್ಲಿಲ್ಲ

ನಮ್ಮ ಉತ್ತರ ಕನ್ನಡದಲ್ಲಿ ಶಾಲೆಯಲ್ಲಿ ಕಲಿಸುವವರು ಗಂಡಸಾದರೆ ಮಾಸ್ತರು, ಹೆಂಗಸಾದರೆ ಅಕ್ಕೋರು. ನಾನು ಶಾಲೆಯವಳಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಗುತ್ತಿಗೆ ಮೇಲಿರುವ ಸಮಾಜ ಕಾರ್ಯಕರ್ತೆ. ಆದರೆ ಕಾರವಾರ, ಅಂಕೋಲೆ ಕಡೆ ರಿಜಿಸ್ಟರು ಹಿಡಿದು ಪ್ರಶ್ನೆ ಕೇಳುವ ಹೆಂಗಸೆಂದರೆ ಅಕ್ಕೋರೇ. ಶಿರಸಿ ಕಡೆಯಿಂದ ಘಟ್ಟ ಇಳಿದು ಬಂದ ಹೊಸತರಲ್ಲಿ ಆ ಹೆಸರು ನನಗೆ ಬಹಳ ಹಿತವಾಗಿತ್ತು. ಒಂದು ಮರ್ಯಾದೆ ತಾನಾಗಿ ಸಿಕ್ಕಿತಲ್ಲ ಎಂದುಕೊಂಡಿದ್ದೆ. ಅದರ ಜತೆಗೆ ಬೆತ್ತವೂ ಬಂದಿದೆ ಎಂಬುದು ಗೊತ್ತಾಗಲು ವರ್ಷಗಳೇ ಬೇಕಾದವು.

ಮಂಗಳವಾರ ತಾಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮನೋಚೈತನ್ಯ ಯೋಜನೆಯ ಕ್ಲಿನಿಕ್, ಮನೋವೈದ್ಯರು ಬರುವ ದಿನ. ಅಷ್ಟು ಜನರ ನಡುವೆ ಅವರು ಒಬ್ಬರಿಗೆ ಐದು ನಿಮಿಷ ಕೊಟ್ಟರೆ ದೊಡ್ಡದು. ಉಳಿದ ಮಾತೆಲ್ಲ ನನ್ನ ಪಾಲಿಗೆ. ಕುಡಿತ ಬಿಡಲು ಬಂದವರಿಗೆಂದೇ ನಾನೊಂದು ಪ್ರತ್ಯೇಕ ರಿಜಿಸ್ಟರು ಇಟ್ಟಿದ್ದೆ. ಕುಡಿಯದೆ ಇದ್ದವನ ಹೆಸರಿನ ಮುಂದೆ ನೀಲಿ ಟಿಕ್, ಮತ್ತೆ ಶುರು ಮಾಡಿದವನಿಗೆ ಕೆಂಪು ಸುತ್ತು. ಯಾರೂ ಹೇಳಿಕೊಟ್ಟದ್ದಲ್ಲ, ತಿಂಗಳ ಕೊನೆಗೆ ಲೆಕ್ಕ ಹಾಕಲು ಸುಲಭವೆಂದು ನಾನೇ ಮಾಡಿಕೊಂಡದ್ದು. ಮೇಜಿನ ಆಚೆ ಕೂತವನಿಗೆ ಅಕ್ಷರ ತಲೆಕೆಳಗಾಗಿ ಕಾಣಬಹುದು, ಕೆಂಪು ಮಾತ್ರ ಯಾವ ಕಡೆಯಿಂದ ನೋಡಿದರೂ ಕೆಂಪೇ. ಇದು ನನಗೆ ಹೊಳೆದಿರಲಿಲ್ಲ.

ಕಾರವಾರದ ಬೈತಕೋಲಿನ ಬಂದರಿಂದ ಮೀನಿಗೆ ಹೋಗುವ ಒಂದು ಪರ್ಸೀನ್ (ದೊಡ್ಡ ಸುತ್ತುಬಲೆಯ) ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ನನ್ನ ಹತ್ತಿರ ಬಂದದ್ದು ಒಂದು ಜೂನ್‌ನಲ್ಲಿ. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ನಮ್ಮ ಕೆಲಸಕ್ಕೆ ಅದೇ ಸುಗ್ಗಿ. ಗಂಡಸರು ದಡದಲ್ಲಿರುತ್ತಾರೆ, ಕೈಯಲ್ಲಿ ದುಡ್ಡಿರುವುದಿಲ್ಲ, ಹೆಂಡತಿ ಬಸ್ಸು ಹತ್ತಿಸಿ ಕರೆತರಬಹುದು. ಈತ ಬಂದ, ಒಳರೋಗಿಯಾಗಿ ಸೇರಿದ, ಮಾತ್ರೆ ಹಂತಹಂತವಾಗಿ ಇಳಿಸಿದರು. ಎರಡು ತಿಂಗಳು ಸಾಲಾಗಿ ನೀಲಿ ಟಿಕ್. ನನಗೆ ಹಿಗ್ಗೋ ಹಿಗ್ಗು. ಉಳಿದವರಿಗೆ ಅವನನ್ನೇ ತೋರಿಸಿ, "ನೋಡಿ, ಇವರ ಹಾಗೆ ಮನಸ್ಸು ಮಾಡಬೇಕು" ಎನ್ನುತ್ತಿದ್ದೆ. ಕ್ಲಾಸಿನ ಮಾನಿಟರ್ ಮಾಡಿಬಿಟ್ಟಿದ್ದೆ ಪಾಪ.

ಆಗಸ್ಟ್ ಬಂತು, ಬೋಟು ಇಳಿಯಿತು. ಎರಡು ಮಂಗಳವಾರ ಆಸಾಮಿ ನಾಪತ್ತೆ. ಮೂರನೆಯ ಮಂಗಳವಾರ ಬೆಳಿಗ್ಗೆ ವಾರ್ಡಿನಿಂದ ಸಿಸ್ಟರ್ ಕರೆದರು, "ನಿಮ್ಮ ತಾಂಡೇಲ ಬಂದಿದ್ದಾನೆ, ಬನ್ನಿ."

ಹೋಗಿ ನೋಡಿದರೆ ಮಂಚದ ಮೇಲೆ ಕೂತು ಹೊದಿಕೆಯನ್ನು ಎರಡೂ ಕೈಯಿಂದ ತನ್ನ ಕಡೆ ಎಳೆಯುತ್ತಿದ್ದಾನೆ. ಎಳೆಯುವುದು, ಮಡಿಲಲ್ಲಿ ಗುಡ್ಡೆ ಹಾಕುವುದು, ಮತ್ತೆ ಎಳೆಯುವುದು. ಮೈಯೆಲ್ಲ ಬೆವರು. ಮಧ್ಯೆ ಮಧ್ಯೆ ಕೊಂಕಣಿಯಲ್ಲಿ ಯಾರಿಗೋ ಗದರುತ್ತಿದ್ದ. ಬಲೆ ಎಳೆಯುತ್ತಿದ್ದಾನೆ ಎಂದು ನನಗೆ ತಿಳಿದದ್ದು ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಹೇಳಿದ ಮೇಲೆ. ಭಾನುವಾರ ರಾತ್ರಿ ಫಿಟ್ಸ್ ಬಂದಿತ್ತಂತೆ. ಗಾಳಿ ಸೋಕಿರಬೇಕೆಂದು ಸೋಮವಾರ ಇಡೀ ದಿನ ತೆಂಗಿನಕಾಯಿ, ಕುಂಕುಮ ಅಂತ ಕಳೆದಿದ್ದರು.

ದಿನವೂ ಎರಡು ಕ್ವಾರ್ಟರ್ ಹೋಗುತ್ತಿದ್ದ ಮೈಗೆ ಏಕಾಏಕಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ದೆಯಿಲ್ಲ. ಎರಡು ದಿನದ ಒಳಗೆ ಫಿಟ್ಸ್ ಬರಬಹುದು. ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ದಿಕ್ಕು ದೆಸೆ ತಪ್ಪುತ್ತದೆ, ಇಲ್ಲದ್ದು ಕಾಣುತ್ತದೆ, ದಿನವೂ ಮಾಡುವ ಕೆಲಸವನ್ನೇ ಕೈ ಗಾಳಿಯಲ್ಲಿ ಮಾಡುತ್ತದೆ. ಇದಕ್ಕೆ ಡೆಲೀರಿಯಂ ಟ್ರೆಮೆನ್ಸ್ ಎನ್ನುತ್ತಾರೆ, ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ವೈದ್ಯರು ಇದನ್ನು ತಗ್ಗಿಸುವ ಲೋರಾಜೆಪಾಮ್ ಎಂಬ ಮದ್ದು ಶುರು ಮಾಡಿದರು. ಸಲೈನ್ ಸ್ಟ್ಯಾಂಡ್ ಎಳೆದು ತರುತ್ತಿದ್ದ ಹೊಸ ಹುಡುಗನನ್ನು ಸಿಸ್ಟರ್ ತಡೆದು ಮೊದಲು ಥಯಮಿನ್, ಅಂದರೆ ವಿಟಮಿನ್ ಬಿ1, ಕೊಟ್ಟರು. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಬಿ1 ಬತ್ತಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ನಮ್ಮ ಜನಕ್ಕೆ ಗ್ಲೂಕೋಸ್ ಬಾಟಲಿಯ ಮೇಲೆ ಇರುವ ಪ್ರೀತಿಗೆ ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ನಾಲ್ಕು ದಿನದ ಮೇಲೆ ತಾಂಡೇಲ ಮನುಷ್ಯನಾದ. ಯಾಕೆ ಹೀಗೆ ಮಾಡಿಕೊಂಡಿರಿ ಎಂದು ಕೇಳಿದೆ. ತಲೆ ತಗ್ಗಿಸಿ ಹೇಳಿದ: "ಬೋಟಿನ ಪೂಜೆ ದಿವ್ಸ ಶುರು ಆಯ್ತು ಅಕ್ಕೋರೆ. ನೀವು ಬೈತ್ರಿ ಅಂತ ಬರ್ಲಿಲ್ಲ. ಮೂರ್ ದಿನ ಮುಟ್ಟದೆ ಬಂದ್ರೆ ನಿಮ್ಗೆ ಸುಳ್ಳು ಹೇಳೂದು ಬೇಡ ಅಂದ್ಕಂಡೆ."

ಶನಿವಾರ ರಾತ್ರಿ ಬಾಟಲಿ ಇಟ್ಟದ್ದು ಮಂಗಳವಾರ ನನ್ನ ಮುಂದೆ ನೀಲಿ ಟಿಕ್‌ಗೆ ಕೂರಲು. ಹಾಗೆ ಒಂದೇ ಸಲಕ್ಕೆ ನಿಲ್ಲಿಸಬಾರದೆಂದು ಅವನಿಗೆ ಹೇಳಬೇಕಾಗಿದ್ದವಳು ನಾನು. ಹೇಳಿರಲಿಲ್ಲ. "ಇನ್ನೊಂದು ಸಲ ಮುಟ್ಟಿದರೆ ನನ್ನ ಹತ್ತಿರ ಬರಬೇಡಿ" ಎಂದು ಜುಲೈನಲ್ಲಿ ನಗುತ್ತಲೇ ಹೇಳಿದ್ದೆ. ಅದು ಅವನಿಗೆ ನೆನಪಿತ್ತು. ಆ ತಿಂಗಳ ವರದಿಯಲ್ಲಿ ನಾನು ಈ ಪ್ರಕರಣವನ್ನು 'ಮರುದಾಖಲು' ಎಂದಷ್ಟೇ ಬರೆದೆ. ಕಾರಣದ ಕಾಲಂ ಖಾಲಿ. ಮೇಲಿನವರು ಬೈಯುತ್ತಾರೆಂಬ ಹೆದರಿಕೆ ನನಗೂ ಇತ್ತು.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಮದ್ಯದ ತೊಂದರೆ ಇರುವವರಲ್ಲಿ ಶೇ. 86ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ಈ ಅಂಕಿಯನ್ನು ನಾನು ಎಷ್ಟೋ ಸಭೆಗಳಲ್ಲಿ ಓದಿದ್ದೇನೆ, ಜನರಲ್ಲಿ ಅರಿವಿಲ್ಲ ಎಂದು ದೂರಿದ್ದೇನೆ. ಬಾಗಿಲ ತನಕ ಬಂದವನನ್ನು ನಾನೇ ವಾಪಸು ಕಳಿಸುತ್ತಿದ್ದೇನೆಂದು ಲೆಕ್ಕ ಹಾಕಿರಲಿಲ್ಲ.

ತರಬೇತಿಯಲ್ಲಿ ಎಲ್ಲ ಹೇಳಿಕೊಟ್ಟಿದ್ದರು. ಗದರಬೇಡ, ವಾದಕ್ಕೆ ನಿಲ್ಲಬೇಡ, ಬದಲಾಗುವ ಕಾರಣ ಅವನ ಬಾಯಿಂದಲೇ ಬರಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಬರೆದ ಆ ಕ್ರಮ ನನಗೆ ಬಾಯಿಪಾಠವಾಗಿತ್ತು. ರೋಲ್‌ಪ್ಲೇಯಲ್ಲಿ ಭೇಷ್ ಅನ್ನಿಸಿಕೊಂಡವಳು ನಾನು. ಆದರೆ ಎದುರಿಗೆ ಹೆಂಡತಿ ಅಳುತ್ತಿರುವಾಗ, ಹೊರಗೆ ನಲವತ್ತು ಜನ ಕಾಯುತ್ತಿರುವಾಗ, ಬಾಯಿಗೆ ಬರುವುದು ಅಕ್ಕೋರ ಮಾತೇ.

ಮೊದಲು ಬದಲಾದದ್ದು ಪೆನ್ನು. ಕೆಂಪು ಪೆನ್ನನ್ನು ಡ್ರಾಯರಿಗೆ ಹಾಕಿದೆ. ಆಮೇಲೆ ಪ್ರಶ್ನೆ. "ಮತ್ತೆ ಕುಡಿದ್ರಾ?" ಎಂದು ಕೇಳಿದರೆ ಉತ್ತರ ಇಲ್ಲ ಎಂದೇ ಬರುತ್ತದೆ. ಈಗ ಕೂತ ಕೂಡಲೇ ಕೇಳುವುದು, "ಕೊನೇದು ಯಾವಾಗ ಆಯ್ತು? ಎಷ್ಟು?" ಇದರಲ್ಲಿ ತಪ್ಪು ಹಿಡಿಯುವುದು ಏನೂ ಇಲ್ಲ, ಡಾಕ್ಟರಿಗೆ ಬೇಕಾದ ಮಾಹಿತಿ ಅಷ್ಟೇ. ಎಷ್ಟು ಎಂಬುದಕ್ಕೂ ಪೆಗ್ಗಿನ ಲೆಕ್ಕ ಕೈಬಿಟ್ಟೆ. ಇಲ್ಲಿ ನಡೆಯುವುದು ನೈಂಟಿ, ಕ್ವಾರ್ಟರ್, ಇಲ್ಲವೇ ಗಡಿಯ ಮಾಜಾಳಿ ದಾಟಿ ಪೊಳೆಮ್‌ನಿಂದ ಬರುವ ಗೋವಾ ಬಾಟಲಿ. ಒಂದು ಕ್ವಾರ್ಟರ್ ವಿಸ್ಕಿ ಅಂದರೆ 180 ಮಿಲಿ, ಶೇ. 42.8 ಆಲ್ಕೋಹಾಲ್, ಸುಮಾರು ಅರವತ್ತು ಗ್ರಾಂ. "ಬರೀ ಒಂದ್ ಕ್ವಾರ್ಟರ್ ಅಕ್ಕೋರೆ" ಎನ್ನುವವನಿಗೆ ಇದನ್ನು ಕಾಗದದ ಮೇಲೆ ಗುಣಿಸಿ ತೋರಿಸಿದರೆ ಬುದ್ಧಿವಾದಕ್ಕಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಬೆಳಗಿನ ಪ್ರಶ್ನೆಯದ್ದು ಇನ್ನೊಂದು ತಮಾಷೆ. ಕುಡಿತ ಎಷ್ಟು ಮುಂದುವರಿದಿದೆ ಎಂದು ನೋಡುವ, ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ, ಬೆಳಿಗ್ಗೆ ಎದ್ದು ಸುಧಾರಿಸಿಕೊಳ್ಳಲು ಕುಡಿಯಬೇಕಾಗುತ್ತದೆಯೇ ಎಂದಿದೆ. ಹೌದು ಎಂದರೆ ಚಟ ಗಟ್ಟಿಯಾಗಿದೆ ಎಂಬ ಸೂಚನೆ. ಬೋಟಿನವರಲ್ಲಿ ಬಹಳ ಮಂದಿ ಹೌದು ಎನ್ನುತ್ತಿದ್ದರು, ನಾನು ಗಾಬರಿ ಬೀಳುತ್ತಿದ್ದೆ. ಬೋಟಿನಲ್ಲಿ ದುಡಿಯುವ ಒಬ್ಬ ಮುದಿ ಖಲಾಶಿ ನಕ್ಕು, "ರಾತ್ರಿ ಇಡೀ ಕಡ್ಲಲ್ಲಿ ಇದ್ದವ್ರಿಗೆ ಬೆಳಿಗ್ಗೆಯೇ ಸಂಜೆ ಅಲ್ದಾ" ಅಂದ. ಅಂದಿನಿಂದ ಕೇಳುವುದು, "ಮಲಗಿ ಎದ್ದ ಮೇಲೆ ಕೈ ನಡುಗ್ತದಾ? ಕುಡಿದ್ರೆ ನಿಲ್ತದಾ?" ಇದಕ್ಕೆ ಹೌದು ಎಂದವರಿಗೆ, ಹಿಂದೆ ಫಿಟ್ಸ್ ಬಂದವರಿಗೆ, ನಾನು ಹೇಳುವ ಮೊದಲ ಮಾತು, ಮನೆಯಲ್ಲಿ ನೀವಾಗಿಯೇ ಒಮ್ಮೆಗೇ ನಿಲ್ಲಿಸಬೇಡಿ, ಇಲ್ಲಿಗೆ ಬನ್ನಿ, ನಿಲ್ಲಿಸೋಣ. ಅಕ್ಕೋರು ಕುಡಿಯಲು ಹೇಳಿದರು ಎಂದು ಹೆಂಡತಿಯರು ಸಿಟ್ಟಾದದ್ದೂ ಉಂಟು. ಅವರನ್ನು ಬೇರೆ ಕೂರಿಸಿ ವಿವರಿಸಬೇಕು. ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಕುಡಿತದ ಲೆಕ್ಕ ಕೇಳುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ಅಲ್ಲಿ ಒಬ್ಬರು ದೂರು ಕೊಡುತ್ತಾರೆ, ಇನ್ನೊಬ್ಬರು ಸುಳ್ಳು ಹೇಳುತ್ತಾರೆ, ನಾನು ಮತ್ತೆ ಅಕ್ಕೋರಾಗುತ್ತೇನೆ.

ಹೆಂಗಸರದ್ದು ಇನ್ನೊಂದು ಕಥೆ. ಒಬ್ಬ ತಾಯಿ ಮಗನ ಮೀನು ಸಾರಿಗೆ ಗುಟ್ಟಾಗಿ ಮಾತ್ರೆ ಪುಡಿ ಮಾಡಿ ಹಾಕುತ್ತಿದ್ದಳು. ಯಾರದೋ ಹಳೆ ಚೀಟಿ ತೋರಿಸಿ ತಂದ ಡೈಸಲ್ಫಿರಾಮ್, ಕುಡಿತ ಬಿಡಿಸಲು ಕೊಡುವ ಮಾತ್ರೆ. ಅದು ಒಳಗಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ಸರಿ ಇಲ್ಲದವನಾದರೆ ಅಲ್ಲೇ ಮುಗಿಯಬಹುದು. ಮಾತ್ರೆ ನಿಲ್ಲಿಸಿದರೂ ಎರಡು ವಾರದ ತನಕ ಅದರ ಪ್ರಭಾವ ಇರುತ್ತದೆ. ಒಪ್ಪಿ, ತಿಳಿದು, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಳ್ಳುವವನಿಗೆ ಒಳ್ಳೆಯ ಮದ್ದೇ, ಕದ್ದು ಹಾಕಿದರೆ ವಿಷ. ಆ ತಾಯಿಗೆ ನಾನು ಬೈಯಲಿಲ್ಲ. ಬೈದಿದ್ದರೆ ಅವಳು ಮಾತ್ರೆ ನಿಲ್ಲಿಸುತ್ತಿರಲಿಲ್ಲ, ನನಗೆ ಹೇಳುವುದನ್ನು ನಿಲ್ಲಿಸುತ್ತಿದ್ದಳು. ಇಷ್ಟು ಹೊತ್ತಿಗೆ ಅಷ್ಟು ಕಲಿತಿದ್ದೆ. ಬಸ್‌ಸ್ಟ್ಯಾಂಡ್ ಗೋಡೆಗೆ ಅಂಟಿಸಿರುವ 'ತಿಳಿಯದಂತೆ ಕುಡಿತ ಬಿಡಿಸುವ ಪುಡಿ'ಯ ಚೀಟಿ ಕಂಡಾಗ ಮಾತ್ರ ನನ್ನ ಕೈ ಈಗಲೂ ಉಗುರಿನಿಂದ ಅದನ್ನು ಕೆರೆಯಲು ಹೋಗುತ್ತದೆ.

ಈ ಊರಿನ ಹೆಂಗಸರ ಸಿಟ್ಟಿಗೆ ಒಂದು ಚರಿತ್ರೆಯೇ ಇದೆ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಡಿನಿಂದ ನಾಡಿಗೆಲ್ಲ ಗೊತ್ತು, 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ತಮ್ಮ ಹಾಲಕ್ಕಿ ಸಮುದಾಯದ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತವರೂ ಅವರೇ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋದ ಜಾಗಕ್ಕೆ ಕ್ವಾರ್ಟರ್ ಬಂತು ಎಂಬುದೂ ನಿಜ. ಆ ಹೋರಾಟದ ಮೇಲೆ ನನಗೆ ಗೌರವ ಇದೆ. ಅಂಗಡಿಯ ಮೇಲಿನ ಸಿಟ್ಟು ಅಂಗಡಿಯ ಮೇಲೇ ಇರಲಿ, ನನ್ನ ಮೇಜಿನ ಮುಂದೆ ಕೂತವನ ಮೇಲೆ ಬೀಳುವುದು ಬೇಡ ಎಂಬುದಷ್ಟೇ ನನ್ನದು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರಗಳ ಬಗ್ಗೆ ಹಿಂದೆ ನನಗೆ ಒಂದು ಬಗೆಯ ಸಸಾರ ಇತ್ತು. ಭಜನೆಯಿಂದ ಚಟ ಬಿಡುತ್ತದೆಯೇ ಎಂಬ ಓದಿದವರ ಸಸಾರ. ಆದರೆ ಶಿಬಿರ ಮುಗಿದ ಮೇಲೆ ಅವರ ನವಜೀವನ ಸಮಿತಿ ವಾರಕ್ಕೊಮ್ಮೆ ಮನುಷ್ಯನನ್ನು ಹುಡುಕಿಕೊಂಡು ಹೋಗುವಷ್ಟು ಜನಬಲ ನಮಗಿಲ್ಲ. ಈಗ ಹೋಗುವವರಿಗೆ ಹೋಗಿ ಎನ್ನುತ್ತೇನೆ, ಕೈನಡುಕ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ ಹೋಗಿ.

ಬೋಟು ಇಳಿಯುವ ವಾರ, ಬಂಡಿ ಹಬ್ಬ, ಚೌತಿ, ಇವನ್ನೆಲ್ಲ ರಿಜಿಸ್ಟರಿನ ಹಿಂಬದಿಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಅದಕ್ಕೆ ಎರಡು ದಿನ ಮುಂಚೆ ಫೋನು, ಮೂರು ದಿನ ಬಿಟ್ಟು ಇನ್ನೊಂದು. ರಾತ್ರಿ ನನ್ನ ಫೋನು ಬಂದ್ ಇರುತ್ತದೆ, ಚೀಟಿಯ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಬರೆದು ಕೊಡುತ್ತೇನೆ. ಹಿಂದೆ ಫೋನು ಬಂದ್ ಮಾಡುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿಗೆ ಎದ್ದು ಎದ್ದು, ಸಂಬಳವೂ ಮೂರು ತಿಂಗಳಿಗೊಮ್ಮೆ ಬರುವ ಕಾಲದಲ್ಲಿ, ಬೆಳಿಗ್ಗೆ ಕ್ಲಿನಿಕ್ಕಿನ ಹೆಸರು ಕೇಳಿದರೆ ಹೊಟ್ಟೆ ತೊಳಸುತ್ತಿತ್ತು. ಖಾಲಿ ಕಾಲಂನ ವಿಷಯ ಕೊನೆಗೆ ಬಾಯಿಬಿಟ್ಟದ್ದು ಆ ಸಿಸ್ಟರ್ ಹತ್ತಿರ, ಕ್ಯಾಂಟೀನಿನಲ್ಲಿ ಬನ್ಸ್ ತಿನ್ನುತ್ತ. ಅವರು ಅಯ್ಯೋ ಅನ್ನಲಿಲ್ಲ, ಬಿಡಿ ಅಂತಲೂ ಅನ್ನಲಿಲ್ಲ. "ಯಾವ ತಿಂಗಳ ವರದಿ?" ಎಂದು ಕೇಳಿದರು. ಮರುದಿನ ಹುಡುಕಿ ತಂದು ಕೊಟ್ಟರು, ನಾನು ಕಾರಣ ಬರೆದೆ.

ತಾಂಡೇಲ ಆಮೇಲೆ ಎಷ್ಟು ಸಲ ಬಿಟ್ಟ, ಎಷ್ಟು ಸಲ ಹಿಡಿದ ಎಂಬುದಕ್ಕೆ ರಿಜಿಸ್ಟರಿನಲ್ಲಿ ಎರಡು ಪುಟ ಇದೆ, ಎಲ್ಲ ನೀಲಿಯಲ್ಲಿ. ಕಳೆದ ಆಗಸ್ಟ್‌ನಲ್ಲಿ ಒಂದು ಶುಕ್ರವಾರ, ಕ್ಲಿನಿಕ್ ಇಲ್ಲದ ದಿನ, ನಾನು ಚೀಲ ಹೆಗಲಿಗೆ ಹಾಕಿ ಹೊರಡುವಾಗ ಜಗಲಿಯ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಹೆಂಡತಿ ಜತೆಗಿರಲಿಲ್ಲ. ಬಾಯಿಂದ ಸಣ್ಣಗೆ ವಾಸನೆ.

"ನಿನ್ನೆ ರಾತ್ರಿ ಒಂದ್ ನೈಂಟಿ ತಕಂಡೆ ಅಕ್ಕೋರೆ," ಅಂದ. "ಇವತ್ತು ಮಧ್ಯಾಹ್ನ ಇನ್ನೊಂದು. ಬರ್ಕಳಿ."

ಚೀಲ ಕೆಳಗಿಟ್ಟು ಪೆನ್ನು ಹುಡುಕಿದೆ. "ಮಧ್ಯಾಹ್ನ ಎಷ್ಟ್ ಗಂಟೆಗೆ?"