‘ಮಲೇರಿಯಾ ಬಂದಿತ್ತಾ?’ ಎಂದು ಕೇಳಿದರೆ ಸಾಲದು

ಮಂಗಳೂರಿನ ಒಂದು ಬ್ಲಡ್ ಬ್ಯಾಂಕಿನಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಅದೊಂದು ಜುಲೈ ತಿಂಗಳ ಶಿಬಿರ. ಕಟ್ಟಡದ ಕೆಲಸದವರನ್ನು ಮೇಸ್ತ್ರಿ ಸಾಲಾಗಿ ಕರೆತಂದಿದ್ದರು. ಅರ್ಜಿಯಲ್ಲಿ ಮಲೇರಿಯಾದ ಪ್ರಶ್ನೆಗೆ ಎಲ್ಲರದೂ ‘ಇಲ್ಲ’. ರಕ್ತ ಕೊಟ್ಟು ಜ್ಯೂಸ್ ಕುಡಿಯುತ್ತಾ ಕೂತಿದ್ದ ಬಾಗಲಕೋಟೆ ಕಡೆಯ ಹುಡುಗನೊಬ್ಬ ತಾನಾಗಿಯೇ ಹೇಳಿದ: “ಅಕ್ಕಾರ, ಹೋದ ತಿಂಗಳು ಥಂಡಿ ಜ್ವರ ಬಂದಿತ್ತರಿ. ಗುಳಿಗಿ ತಗೊಂಡೆ, ಕಡಿಮಿ ಆತು.”

“ಎಷ್ಟು ದಿನ ತಗೊಂಡೆ ತಮ್ಮಾ?”

“ಮೂರು ದಿನ. ಉಳಿದಾವು ರೂಮಿನಾಗ ಅದಾವರಿ.”

ಅವನು ಹೇಳಿದ ಥಂಡಿ ಜ್ವರವೇ ಮಲೇರಿಯಾ, ಉಳಿದ ಗುಳಿಗೆ ಪ್ರೈಮಾಕ್ವಿನ್. ವೈವಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ ಅದನ್ನು 14 ದಿನ ನುಂಗಬೇಕು. ಇಲ್ಲದಿದ್ದರೆ ಪಿತ್ತಜನಕಾಂಗದಲ್ಲಿ ಅಡಗಿದ ಪರಾವಲಂಬಿ ಮತ್ತೆ ರಕ್ತಕ್ಕಿಳಿಯುತ್ತದೆ.

ಅವನ ಚೀಲವನ್ನು ಬೇರೆ ಇಟ್ಟೆ. ಒಂದು ಹನಿ ರಕ್ತದಲ್ಲಿ ಬೇಗ ಮಲೇರಿಯಾ ನೋಡುವ ಕಾರ್ಡ್ ಟೆಸ್ಟ್‌ನಲ್ಲಿ ಒಂದೇ ಗೆರೆ, ನೆಗೆಟಿವ್. ಆದರೂ ಮನಸ್ಸು ಒಪ್ಪಲಿಲ್ಲ. ಗಾಜಿನ ಮೇಲೆ ರಕ್ತವನ್ನು ದಪ್ಪಗೆ ಹಚ್ಚಿ (ಥಿಕ್ ಸ್ಮಿಯರ್), ಪರಾವಲಂಬಿ ಕಾಣಲೆಂದು ಜೆಎಸ್‌ಬಿ ಬಣ್ಣ ಹಾಕಿ, ಎಣ್ಣೆ ಬಿಟ್ಟು ಸೂಕ್ಷ್ಮದರ್ಶಕದ ನೂರರ ಲೆನ್ಸಿನಲ್ಲಿ ನೋಡುತ್ತಾ ಹೋದೆ. ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ನೀಲಿ ಉಂಗುರ, ಅದರಂಚಿಗೆ ಕೆಂಪು ಚುಕ್ಕೆ: ಮಲೇರಿಯಾ ಪರಾವಲಂಬಿ. ಮುಂದೆ ಇನ್ನೊಂದು.

ಕಾರ್ಡು ಸುಳ್ಳು ಹೇಳಲಿಲ್ಲ, ಅದರ ಶಕ್ತಿಯೇ ಅಷ್ಟು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ನೂರು, ಇನ್ನೂರು ಪರಾವಲಂಬಿ ಇದ್ದರೆ ಹಿಡಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಎಷ್ಟೋ ಸಲ ತಪ್ಪಿಹೋಗುತ್ತದೆ. ಮೈಕ್ರೋಲೀಟರಿಗೆ ಒಂದೇ ಇದೆ ಎನ್ನಿ, 350 ಮಿಲಿಲೀಟರ್ ಚೀಲದಲ್ಲಿ ಮೂರೂವರೆ ಲಕ್ಷವಾಯಿತು! ಫ್ರಿಜ್ಜಿನ ತಂಪಿನಲ್ಲೂ ಅವು ವಾರಕ್ಕೂ ಹೆಚ್ಚು ಬದುಕುತ್ತವೆ. ಆ ರಕ್ತ ಹೋಗುವುದು ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ತಾಯಿಗೋ ಪದೇ ಪದೇ ರಕ್ತ ಬೇಕಾಗುವ ತಲಸ್ಸೇಮಿಯಾ ಮಗುವಿಗೋ. ಹತ್ತು ದಿನ ಬಿಟ್ಟು ಜ್ವರ ಬಂದರೆ, ಕೊಟ್ಟ ರಕ್ತದ ಮೇಲೆ ಯಾರಿಗೆ ಅನುಮಾನ ಬರಬೇಕು?

ಚೀಲ ನಾಶಕ್ಕೆ ಹೋಯಿತು. ಹುಡುಗನನ್ನು ಕರೆಸಿ ಚಿಕಿತ್ಸೆಗೆ ಕಳಿಸಿದೆವು.

ಈಗ ನಾನು ‘ಮಲೇರಿಯಾ’ ಪದದಿಂದ ಶುರುಮಾಡುವುದೇ ಇಲ್ಲ. “ಈಚೆಗೆ ಚಳಿ ಬಂದು ನಡುಗಿದ್ದುಂಟಾ? ಬೆವರಿ ಜ್ವರ ಬಿಟ್ಟಿತಾ? ರಕ್ತಪರೀಕ್ಷೆ ಮಾಡಿಸಿದ್ರಾ? ಮಾತ್ರೆ ಎಷ್ಟು ದಿನ?” ಎನ್ನುತ್ತೇನೆ. ಬಿಹಾರ, ಒಡಿಶಾದವರಿಗೆ ನನ್ನ ಹರಕು ಹಿಂದಿಯೇ ಗತಿ. ಮಲೇರಿಯಾ ಆಗಿದ್ದರೆ ಪೂರ್ತಿ ಗುಣವಾಗಿ ಮೂರು ತಿಂಗಳು ಕಳೆಯುವವರೆಗೆ ರಕ್ತ ತೆಗೆದುಕೊಳ್ಳುವುದಿಲ್ಲ. ಬೇಡ ಅಂದರೆ ಅವರಿಗೆ ಅವಮಾನ ಆಗುತ್ತದೆ, ಅದಕ್ಕೇ ಮತ್ತೆ ಬರುವ ತಾರೀಕು ಬರೆದುಕೊಟ್ಟು ಕಳಿಸುತ್ತೇನೆ.

ಇನ್ನೊಂದು ಬದಲಾವಣೆ: ನನ್ನ ಮೇಜು ಈಗ ಪರದೆಯ ಆಚೆ ಇರುತ್ತದೆ. ಮೇಸ್ತ್ರಿ ಎದುರಿಗಿದ್ದರೆ ಜ್ವರ ಬಂದಿತ್ತೆಂದು ಯಾವ ಹುಡುಗನೂ ಬಾಯಿಬಿಡುವುದಿಲ್ಲ.